ಬ್ರೂಕ್‌ಲೈನಿಗಿಂತ ಒಂದು ಕಲ್ಲು ಹೆಚ್ಚು

ಬಾಸ್ಟನ್ ಪಟ್ಟಣದ ಹೊರಗಿನ ಬ್ರೂಕ್‌ಲೈನ್ ಮೇಲೋ, ಫಿಲಡೆಲ್ಫಿಯಾ ಪಟ್ಟಣದ ಹೊರಗಿನ ಮೇನ್ ಲೈನ್ ಮೇಲೋ ಎಂಬ ಪ್ರಶ್ನೆ ಹೊಸಪೇಟೆಯ ಜನರನ್ನು ತಲೆತಲಾಂತರದಿಂದ ಕಾಡಿದ್ದೇನೂ ಅಲ್ಲ. ಕಬ್ಬು, ಕಾಲುವೆಯ ನೀರು, ತಹಶೀಲ್ದಾರರ ಸಿಟ್ಟು, ಇಷ್ಟರಲ್ಲೇ ನಮ್ಮ ದಿನ ಮುಗಿಯುತ್ತಿತ್ತು. ಅಂಥ ಊರಿಗೆ ಈ ಪ್ರಶ್ನೆಯನ್ನು ತಂದವರು, ಜೊತೆಗೆ ಅದರ ಉತ್ತರವನ್ನೂ ತಂದವರು, ಆ ಉತ್ತರವನ್ನು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದವರು ಒಬ್ಬರೇ. ಊರು ಅವರನ್ನು ‘ಅಮೆರಿಕದವರು’ ಎಂದು ಕರೆಯುತ್ತಿತ್ತು. ಕಳೆದ ಮಾಘದಲ್ಲಿ ಅವರು ತೀರಿಕೊಂಡರು. ಅಂದಿನಿಂದ ನಮ್ಮಲ್ಲಿ ಮೇನ್ ಲೈನಿನ ಪರವಾಗಿ ಒಂದು ಮಾತನ್ನಾಡುವವರಿಲ್ಲ. ಈ ನಷ್ಟವನ್ನು ಮುನಿಸಿಪಾಲಿಟಿಯವರು ಇನ್ನೂ ಗಮನಿಸಿದಂತಿಲ್ಲ.

ಅವರು ಹುಟ್ಟಿದ್ದು ಕಂಪ್ಲಿಯಲ್ಲಿ, ಬೆಲ್ಲದ ವ್ಯಾಪಾರಿಯೊಬ್ಬರ ಮನೆಯಲ್ಲಿ. ಬೆಲ್ಲ ಮಾರಿ ಬೇಸತ್ತಿದ್ದ ತಂದೆ, ಮಗ ಸಕ್ಕರೆ ಮಾಡುವ ವಿದ್ಯೆ ಕಲಿತು ಬರಲಿ ಎಂದು ಅವರನ್ನು ಅಮೆರಿಕಕ್ಕೆ ಕಳಿಸಿದರು. ಮಗ ಹೋದರು. ಸಕ್ಕರೆ ಮಾತ್ರ ಕಲಿಯಲಿಲ್ಲ. ಕಾರಣ ಕೇಳಿದರೆ, “ಸಕ್ಕರಿ ಮಾಡಾಕ ಗಣಿತ ಬೇಕಂತ ಕಂಪ್ಲ್ಯಾಗ ಯಾರೂ ಹೇಳಿರಲಿಲ್ರಿ,” ಎಂದು ಕಂಪ್ಲಿಯ ಮೇಲೆ ತಪ್ಪು ಹೊರಿಸುತ್ತಿದ್ದರು. ಕಾಲೇಜು ಕೈಬಿಟ್ಟಿತು. ಊರಿಗೆ ಬರಿಗೈಯಲ್ಲಿ ಮರಳುವ ಧೈರ್ಯವಿಲ್ಲ. ಆಗ ಅವರಿದ್ದ ಮನೆಯ ಒಡತಿ ಒಂದು ಉಪಾಯ ಹೇಳಿದಳಂತೆ: ತಲೆಗೊಂದು ರುಮಾಲು ಸುತ್ತು, ಹೆಂಗಸರ ಕ್ಲಬ್ಬಿಗೆ ಹೋಗಿ ನಿಮ್ಮ ಸೀಮೆಯ ಹಾಳೂರಿನ ಬಗ್ಗೆ ಭಾಷಣ ಮಾಡು.

ಹೀಗೆ ಅವರು ಹಂಪಿಯ ಮೇಲೆ ಉಪನ್ಯಾಸಕರಾದರು. ಹಂಪಿಯನ್ನು ಅವರು ನೋಡಿದ್ದು ಒಂದೇ ಸಲ, ಯಾರದೋ ಮದುವೆಗೆಂದು ಹೋದಾಗ. ನೆನಪಿದ್ದದ್ದು ಊಟ. ಆದರೆ ಚಿತ್ರ ತೋರಿಸುವ ಲಾಂದ್ರ ಸಿಕ್ಕಿತು, ಗಾಜಿನ ಚಿತ್ರಗಳು ಸಿಕ್ಕವು, ಧ್ವನಿ ಹುಟ್ಟಿನಿಂದಲೇ ಇತ್ತು. ಉಳಿದದ್ದನ್ನು ಊಟದ ನೆನಪಿನಿಂದ ತುಂಬಿದರು.

ಅಮೆರಿಕದ ಸಿರಿವಂತರು ಪಟ್ಟಣದಲ್ಲಿ ದುಡಿದು ಪಟ್ಟಣದ ಹೊರಗೆ ವಾಸಿಸುತ್ತಾರೆ. ಆ ಹೊರಗಿನ ವಾಸಕ್ಕೆ ಸಬರ್ಬು ಎಂದು ಹೆಸರು. ನಮ್ಮವರು ಹಲವು ವರ್ಷ ಒಂದು ಸಬರ್ಬಿನಿಂದ ಇನ್ನೊಂದಕ್ಕೆ ಲಾಂದ್ರ ಹೊತ್ತು ತಿರುಗಿದರು. ಸಕ್ಕರೆಯ ಬದಲು ಸಬರ್ಬು ಕಲಿತು, ಮೊದಲ ಮಹಾಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ ಊರಿಗೆ ಬಂದರು. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರು. ಇದ್ದಿದ್ದರೆ ಈ ವಿನಿಮಯವನ್ನು ಒಪ್ಪುತ್ತಿದ್ದರೋ ಇಲ್ಲವೋ, ಹೇಳಲಾರೆ.

ಅಲ್ಲಿ ಹಂಪಿಯ ಬಗ್ಗೆ ಮಾತಾಡಿದವರು ಇಲ್ಲಿ ಅಮೆರಿಕದ ಬಗ್ಗೆ ಮಾತಾಡತೊಡಗಿದರು. ಹೊಸಪೇಟೆಯಲ್ಲಿ ಅವರ ಮೊದಲ ಭಾಷಣಕ್ಕೆ ನಾನೂ ಹೋಗಿದ್ದೆ. ಆಗಷ್ಟೇ ವಕೀಲಿ ಹಿಡಿದಿದ್ದ ನನಗೆ ಸಂಜೆಗಳು ಬೇಕಾದಷ್ಟಿದ್ದವು.

“ಹೊಸಪ್ಯಾಟಿ ಅಂದ್ರೇನು?” ಎಂದು ಅವರು ಗುಡುಗಿದರು. ನಮಗೆ ಗೊತ್ತಿದೆ ಎಂದುಕೊಂಡಿದ್ದೆವು. “ಹಂಪಿಯ ಸಬರ್ಬು! ರಾಯರ ಕಾಲದಾಗ ಪಟ್ಟಣದ ಹೊರಗ ಕಟ್ಟಿಸಿದ ಪ್ಯಾಟಿ. ಆಮ್ಯಾಲೆ ಏನಾತು? ಪಟ್ಟಣ ಹಾಳಾತು, ಸಬರ್ಬು ಉಳೀತು. ಬಾಸ್ಟನ್ನಿನವರು ಇನ್ನೂ ಈ ಮಟ್ಟಕ್ಕ ಬಂದಿಲ್ಲ!”

ಚಪ್ಪಾಳೆ ಬಿತ್ತು. ನಾವು ಯಾವುದರಲ್ಲಾದರೂ ಬಾಸ್ಟನ್ನಿಗಿಂತ ಮುಂದಿದ್ದೇವೆಂದು ಮೊದಲ ಬಾರಿಗೆ ತಿಳಿದ ಸಂಜೆ ಅದು.

ಅವರು ಹೋಲಿಸುವ ಕ್ರಮವೇ ಬೇರೆ. ಮನೆ ಎಷ್ಟು ದೊಡ್ಡದು, ಮೋಟಾರು ಎಷ್ಟು ಎಂದು ನೋಡುವುದು ಸಾಮಾನ್ಯರ ಕೆಲಸ. ಅವರು ನೋಡುತ್ತಿದ್ದದ್ದು ಕೇಕನ್ನು. ಫಿಲಡೆಲ್ಫಿಯಾದ ಮೇನ್ ಲೈನಿನಲ್ಲಿ ರೈಲು ನಿಂತಲ್ಲೆಲ್ಲ ಕಲ್ಲಿನ ಬಂಗಲೆಗಳು, ಅಜ್ಜನ ಕಾಲದ ಹಣ. ಕೇಕು ಮಾತ್ರ ಎತ್ತಿ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತೆಳ್ಳಗೆ. ಡೆಟ್ರಾಯಿಟ್ಟಿನ ಗ್ರೋಸ್ ಪಾಯಿಂಟಿನಲ್ಲಿ ಮೊನ್ನೆ ಮೊನ್ನೆ ಮೋಟಾರು ಮಾಡಿ ದುಡಿದ ಹಣ. ಕೇಕು ಹಾಸಿಗೆಯಷ್ಟು ದಪ್ಪ, ಎರಡನೆಯ ತುಂಡಿಗೂ ಒತ್ತಾಯ. “ರೊಕ್ಕ ಹಳೇದಾದಂಗ ಕೇಕು ತೆಳ್ಳಗಾಕ್ಕೈತಿ ನೋಡ್ರಿ,” ಎನ್ನುವುದು ಅವರ ಸಿದ್ಧಾಂತ. ಇದನ್ನು ಅರ್ಥಶಾಸ್ತ್ರದ ಪಂಡಿತರು ಪರೀಕ್ಷಿಸಬೇಕು.

ಸಂಡೂರನ್ನು ಅವರು ಬ್ರೂಕ್‌ಲೈನ್ ಎನ್ನುತ್ತಿದ್ದರು. ಬಾಸ್ಟನ್ನು ಸುತ್ತ ಬೆಳೆದು ಮೂರು ಕಡೆಯಿಂದ ಒತ್ತಿದರೂ ಬ್ರೂಕ್‌ಲೈನಿನವರು ‘ನಿಮ್ಮ ಜೊತೆ ಸೇರುವುದಿಲ್ಲ’ ಎಂದು ಬೇರೆಯೇ ಉಳಿದರಂತೆ. ಸುತ್ತಲೂ ಬಳ್ಳಾರಿ ಜಿಲ್ಲೆಯ ಇಂಗ್ಲಿಷ್ ಆಡಳಿತ, ನಡುವೆ ಬೆಟ್ಟದ ಬೇಲಿಯೊಳಗೆ ತನ್ನದೇ ದರ್ಬಾರಿನ ಸಂಡೂರು. ಹೋಲಿಕೆ ಸರಿಯೇ. ಸಂಡೂರಿನವರಿಗೆ ಇದನ್ನು ಹೇಳಿದಾಗ ಅವರು ಬ್ರೂಕ್‌ಲೈನಿನಲ್ಲಿ ಮ್ಯಾಂಗನೀಸ್ ಸಿಗುತ್ತದೆಯೇ ಎಂದು ಕೇಳಿದರು. ಇಲ್ಲವೆಂದಾಗ ಹೋಲಿಕೆಯನ್ನು ತಿರಸ್ಕರಿಸಿದರು.

ಕಂಪ್ಲಿಯಲ್ಲಿ ಷಿಕಾಗೋದ ಲೇಕ್ ಫಾರೆಸ್ಟಿನ ಕಥೆ ಹೇಳುವಾಗ ಆದದ್ದೇ ಬೇರೆ. ದಡ ಕಾಣದ ಸರೋವರ, ಅದರ ಅಂಚಿನವರೆಗೂ ಇಳಿದ ಹುಲ್ಲುಹಾಸು, ಹಿಂದೆ ಅರಮನೆಯಂಥ ಮನೆ ಎಂದು ಇವರು ಬಣ್ಣಿಸುತ್ತಿದ್ದಾಗ ಹಿಂದಿನಿಂದ ಒಬ್ಬ ಹೆಣ್ಣುಮಗಳು, “ಬಟ್ಟಿ ಎಲ್ಲಿ ಒಗೀತಾರ?” ಎಂದಳು. ಒಗೆಯುವುದಿಲ್ಲ ಎಂದರು ಇವರು. “ಅಷ್ಟು ನೀರಿಟ್ಕೊಂಡು?” ಎಂದು ಕಂಪ್ಲಿ ಒಕ್ಕೊರಲಿನಿಂದ ಲೇಕ್ ಫಾರೆಸ್ಟನ್ನು ಕೈಬಿಟ್ಟಿತು. ಚಳಿಗಾಲದಲ್ಲಿ ಶ್ರೀಮಂತರು ಹಣ ಕೊಟ್ಟು ಬಿಸಿಲು ಕಾಯಲು ಲಾಸ್ ಏಂಜಲೀಸಿನ ಪಸಡೀನಾಕ್ಕೆ ಬರುತ್ತಾರೆ ಎಂಬುದನ್ನಂತೂ ನಮ್ಮ ಕಡೆ ಯಾರೂ ನಂಬಲೇ ಇಲ್ಲ. ನಂಬಿದ್ದರೆ ಬಳ್ಳಾರಿಯ ಜಮೀನಿಗೆ ಬೆಲೆ ಏರಬೇಕಾಗಿತ್ತು.

ಇಷ್ಟು ನಗಿಸುತ್ತಿದ್ದ ಮನುಷ್ಯನಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಯಾರದೇ ಕಟ್ಟೆಯ ಮೇಲೆ ಕೂತು ಹರಟುತ್ತಿರಲಿ, ಒಂದೂವರೆ ತಾಸಾಗುವ ಹೊತ್ತಿಗೆ ಜೇಬಿನ ಗಡಿಯಾರ ತೆಗೆದು ನೋಡಿ, “ನನ್ನ ರೈಲಿನ ಹೊತ್ತಾತು,” ಎಂದು ಎದ್ದುಬಿಡುತ್ತಿದ್ದರು. ಅವರು ಹೋಗಬೇಕಾದದ್ದು ಬಜಾರಿನ ಅರಿವೆ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ. ಅಲ್ಲಿಗೆ ರೈಲಿಲ್ಲ.

ಒಮ್ಮೆ ಕೇಳಿಯೇಬಿಟ್ಟೆ. ನಕ್ಕರು.

“ಅಲ್ಲಿಂದು ರೂಢಿರಿ ವಕೀಲ್ರ. ಭಾಷಣ, ಚಾ, ಕೇಕು ಎಲ್ಲಾ ಕೂಡಿ ಒಂದೂವರೆ ತಾಸು. ಆಮ್ಯಾಲೆ ಮನಿ ಯಜಮಾನಿ ಗ್ವಾಡಿ ಗಡಿಯಾರ ನೋಡತಾಳ. ‘ನಿಮ್ಮ ರೈಲಿಗೆ ಹೊತ್ತಾಗಲಿಲ್ಲೇನ್ರಿ?’ ಅಂತಾಳ, ಭಾಳ ಮರ್ಯಾದಿಲೆ. ತೆಳ್ಳನ ಕೇಕಿನಾಕಿನೂ ಅಂದ್ಲು, ದಪ್ಪನ ಕೇಕಿನಾಕಿನೂ ಅಂದ್ಲು. ಮುಂದಿನ ರೈಲಿಗೆ ಹೋಗ್ರಿ ಅಂತ ಒಬ್ಬಾಕಿನೂ ಅನ್ನಲಿಲ್ಲ. ಅದಕ್ಕs, ಆಕಿ ಗಡಿಯಾರ ನೋಡೋ ಮೊದಲs ನಾನs ಏಳೋದು ಕಲ್ತೆ.”

“ಅಲ್ಲೇ ಒಂದು ಮನೆ ಮಾಡಿಕೊಂಡು ಇದ್ದುಬಿಡಬಹುದಿತ್ತಲ್ಲ?”

“ಹೆಂಗ ಮಾಡ್ಕೊಳ್ಳೋದು? ಬಿಳೀ ಮಂದಿ ಬಿಟ್ಟು ಬ್ಯಾರೇವ್ರಿಗೆ ಮಾರಬಾರದು ಅಂತ ಮನಿ ಪತ್ರದಾಗs ಬರದಿರತಾರ. ಆದ್ರ ಅಕ್ಷರ ಏನು ಚಂದ ಅಂತೀರಿ! ನಿಮ್ಮ ಕೋರ್ಟಿನ ಗುಮಾಸ್ತರು ನೋಡಿ ಕಲೀಬೇಕು.”

ಆಮೇಲೆ ತಮ್ಮ ಆಸೆ ಹೇಳಿದರು. ತಮ್ಮದೇ ಒಂದು ಮನೆಯಾಗಬೇಕು. ಜನ ಅಲ್ಲಿಗೆ ಬರಬೇಕು. ಚಹಾ ತಾವು ಕೊಡಬೇಕು. ಸಕ್ಕರೆ ತುಂಡು ಒಂದೋ ಎರಡೋ ಎಂದು ತಾವು ಕೇಳಬೇಕು. ಬಾಡಿಗೆ ಕೋಣೆಯ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ, ಒಬ್ಬ ಇಳಿಯದೆ ಇನ್ನೊಬ್ಬ ಹತ್ತುವಂತಿರಲಿಲ್ಲ. ಅಲ್ಲಿ ಆತಿಥ್ಯ ಸಾಧ್ಯವಿರಲಿಲ್ಲ.

ಕಾಲ ಕೂಡಿ ಬಂತು. ಬಜಾರು ಕಿಕ್ಕಿರಿದು, ರೈಲು ಗೇಟಿನ ಆಚೆ ಹೊಸ ಬಡಾವಣೆ ಮಾಡುವುದೆಂದು ಊರಿನ ಹಿರಿಯರು ನಿಶ್ಚಯಿಸಿದರು. ಅಕ್ಕಿ ಗಿರಣಿಯ ಸಾಹುಕಾರರು ಸಮಿತಿಗೆ ಅಧ್ಯಕ್ಷರು, ನಿಯಮ ಬರೆಯಲು ನಾನು, ಸಲಹೆಗೆ ಅಮೆರಿಕದವರು. ಸಲಹೆ ಹರಿದು ಬಂತು. ಕ್ಲೀವ್‌ಲ್ಯಾಂಡಿನ ಷೇಕರ್ ಹೈಟ್ಸಿನಲ್ಲಿ ಮನೆ ಯಾವ ಮಾದರಿಯದಿರಬೇಕು, ಯಾವ ಬಣ್ಣದ್ದಿರಬೇಕು ಎಂದು ಮೊದಲೇ ಗೊತ್ತು ಮಾಡುತ್ತಾರಂತೆ. ಸಾಹುಕಾರರಿಗೆ ಇದು ಬಹಳ ಹಿಡಿಸಿತು. ಬೇರೆಯವರ ಮನೆಯ ಬಣ್ಣ ತಾವು ಗೊತ್ತು ಮಾಡುವ ಅವಕಾಶ ಅವರಿಗೆ ಅದುವರೆಗೆ ಬಂದಿರಲಿಲ್ಲ. ಇಂಥವರಿಗೆ ಮಾರಬಾರದೆಂಬ ಆ ಚಂದದ ಅಕ್ಷರದ ಮಾತು ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಮೆರಿಕದವರು ಹೇಳಿದಂತೆ ಬರೆದೆವು. ಆ ಒಂದನ್ನು ಬರೆಯಬಾರದೆಂದೂ ಅವರೇ ಹೇಳಿದರು. ಹೇಳುವಾಗ ನಗಲಿಲ್ಲ.

ಮುಖ್ಯ ನಿಯಮ ಇದು: ಮನೆ ರಸ್ತೆಯಿಂದ ಹಿಂದಕ್ಕಿರಬೇಕು, ಮುಂದೆ ಹುಲ್ಲುಹಾಸಿರಬೇಕು, ಮುಂಭಾಗದಲ್ಲಿ ಯಾರೂ ಕಟ್ಟೆ ಕಟ್ಟಬಾರದು.

ಸಮಿತಿಯವರೆಲ್ಲ ಒಳ್ಳೆಯ ಮುಹೂರ್ತ ಕಾಯುತ್ತ ಕೂತರು. ಅಮೆರಿಕದವರು ಮಾತ್ರ ಕಂಪ್ಲಿಯಲ್ಲಿ ತಮ್ಮ ಪಾಲಿಗೆ ಬಂದ ಗದ್ದೆ ಮಾರಿ, ಮೂಲೆಯ ಜಾಗದಲ್ಲಿ ಮೊಟ್ಟಮೊದಲ ಮನೆ ಕಟ್ಟಿದರು. ಕೆಂಪು ಹೆಂಚು, ಬಿಳಿ ಕಿಟಕಿ, ಮುಂದೆ ಹಸಿರು ಹುಲ್ಲು, ಒಳಗೆ ಒಂದು ಡಜನ್ ಪಿಂಗಾಣಿ ಬಟ್ಟಲು. ಗೃಹಪ್ರವೇಶಕ್ಕೆ ಊರೆಲ್ಲ ಹೋಗಿ ಉಂಡು ಬಂದಿತು. ಮರುದಿನ ಸಂಜೆ ಅವರು ಕೋಟು ತೊಟ್ಟು, ಒಲೆಯ ಮೇಲೆ ನೀರಿಟ್ಟು, ಜನಕ್ಕಾಗಿ ಕಾದರು.

ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕರೆಯದೆ ಬಂದವು ಪಕ್ಕದ ಹೊಲದ ಎಮ್ಮೆಗಳು. ಅವು ಹುಲ್ಲುಹಾಸನ್ನು ತುಂಬ ಮೆಚ್ಚಿದವು.

ಜನಕ್ಕೆ ಅವರ ಮೇಲೆ ಮುನಿಸಿತ್ತೇ? ಖಂಡಿತ ಇಲ್ಲ. ಎಷ್ಟೋ ಜನ ರೈಲು ಗೇಟು ದಾಟಿ ಹೋದದ್ದೂ ಉಂಟು. ಹೋಗಿ, ರಸ್ತೆಯಲ್ಲಿ ನಿಂತು, ಮನೆ ನೋಡಿ, ಕೆಮ್ಮಿ, ತಿರುಗಿ ಬಂದರು. ನಮ್ಮ ಸೀಮೆಯಲ್ಲಿ ಒಬ್ಬರ ಮನೆಯೊಳಗೆ ಹೋಗಬೇಕಾದರೆ ನೆಂಟಸ್ತನವಿರಬೇಕು, ಇಲ್ಲವೇ ಕೆಲಸವಿರಬೇಕು. ಕಟ್ಟೆಯ ಮೇಲೆ ಕೂರಲು ಎರಡೂ ಬೇಡ. ಬಂದವನು ಕೂರುತ್ತಾನೆ, ಹೆಗಲ ಮೇಲಿನ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಾನೆ, ಒಳಗಿನವರು ನೀರು ತರುತ್ತಾರೆ, ಮಾತು ಹುಟ್ಟುತ್ತದೆ. ಬಡಾವಣೆಯ ನಿಯಮ ಬರೆದ ನಮಗೆ ಇದು ಗೊತ್ತಿರಲಿಲ್ಲವೆಂದಲ್ಲ. ಉಸಿರಾಡುವುದು ಗೊತ್ತಿದ್ದಂತೆ ಗೊತ್ತಿತ್ತು, ಆದ್ದರಿಂದ ನೆನಪಿಗೆ ಬರಲಿಲ್ಲ.

ಅಮೆರಿಕದವರು ಸೋಲೊಪ್ಪುವ ಕುಳವಲ್ಲ. ಬಜಾರಿನಲ್ಲಿ ಸಿಕ್ಕಾಗ, “ಮೇನ್ ಲೈನಿನಾಗೂ ಹಿಂಗsರಿ, ಭಾಳ ಶಾಂತ,” ಎನ್ನುತ್ತಿದ್ದರು. ಆದರೆ ಆಗ ಕೇಕಿನ ಸಿದ್ಧಾಂತ ಹೇಳುವುದನ್ನು ನಿಲ್ಲಿಸಿದ್ದರು. ಕೇಳುವವರಿಲ್ಲದೆ ಧ್ವನಿಯೂ ಸಣ್ಣಗಾಗಿತ್ತು.

ಇತ್ತ ಗಿರಣಿ ಸಾಹುಕಾರರ ಮನೆಯಲ್ಲಿ ಬೇರೆ ಗಲಾಟೆ. ಸಾಹುಕಾರರ ತಾಯಿಯನ್ನು ಊರೆಲ್ಲ ಅವ್ವ ಎನ್ನುತ್ತಿತ್ತು. ಆಕೆ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಇಡೀ ಬೀದಿಯ ಆಡಳಿತ ನಡೆಸುತ್ತಿದ್ದರು. ಮಗ ಬಡಾವಣೆಗೆ ಹೋಗೋಣವೆಂದಾಗ, “ನಾ ಎಲ್ಲಿ ಕುಂದ್ರಬೇಕು?” ಎಂದರು.

“ಒಳಗ ಸೋಫಾ ಹಾಕಸ್ತೀನವ್ವಾ.”

“ನಾ ಒಳಗ ಕುಂತ್ರ ಬೀದಿ ಯಾರು ನೋಡಬೇಕು? ಫೋಟೋದಾಗಿನ ನಿಮ್ಮಪ್ಪ ನೋಡತಾನೇನು?”

ಕಡೆಗೆ, ಇದಕ್ಕೆಲ್ಲ ಕಾರಣವಾದ ಮನೆಯನ್ನು ತಾನೇ ನೋಡಬೇಕೆಂದು ಅವ್ವ ಬಂಡಿ ಹೂಡಿಸಿದರು. ನಿಯಮ ಬರೆದವನು ಜೊತೆಗಿರಲಿ ಎಂದು ಸಾಹುಕಾರರು ನನ್ನನ್ನೂ ಹತ್ತಿಸಿದರು. ಬಂಡಿ ಹುಲ್ಲಿನ ಅಂಚಿಗೆ ನಿಂತಿತು. ಅಮೆರಿಕದವರು ಕೋಟು ಸರಿಮಾಡಿಕೊಂಡು ಓಡಿಬಂದರು. ಎಮ್ಮೆಗಳ ನಂತರ ಅವರ ಮನೆಗೆ ಬಂದ ಮೊದಲ ಅತಿಥಿಗಳು ನಾವು.

“ಬರ್ರಿ ಅವ್ವಾರ, ಒಳಗ ಬರ್ರಿ!”

“ಒಳಗ ಬರಾಕ ನಾ ನಿನ್ನ ಬೀಗತಿಯೇನಲೇ?” ಎಂದರು ಅವ್ವ, ಬಂಡಿಯಿಂದ ಇಳಿಯದೆ. “ಈ ಹುಲ್ಲು ಯಾವ ಎಮ್ಮಿಗೆ?”

“ಎಮ್ಮಿಗಲ್ಲವ್ವಾ. ನೋಡಾಕ.”

ಅವ್ವ ನೋಡಿದರು. ನೋಡಿ ಮುಗಿಯಿತು. “ಆತು. ಆ ನಿನ್ನ ಅಮೆರಿಕದ ಊರಾಗ ಮುದುಕ್ಯಾರು ಎಲ್ಲಿ ಕುಂದ್ರತಾರ?”

ಅಮೆರಿಕದವರು ಬಾಯಿ ತೆರೆದರು. ಬ್ರೂಕ್‌ಲೈನು, ಮೇನ್ ಲೈನು, ಲೇಕ್ ಫಾರೆಸ್ಟು ಎಲ್ಲವೂ ಅವರ ಕಣ್ಣ ಮುಂದೆ ಹಾದುಹೋದದ್ದು ನನಗೆ ಕಂಡಂತಾಯಿತು.

“ಹೊರಗ ಕುಂತಿದ್ದು ನಾ ನೋಡಿಲ್ಲವ್ವಾ.”

“ಅಷ್ಟು ವರ್ಷ ತಿರುಗಿ ಒಬ್ಬಾಕಿನ್ನೂ ನೋಡಿಲ್ಲ? ಮತ್ತ ದಾರ್ಯಾಗ ನಿನ್ನ ಯಾರು ಮಾತಾಡಸ್ತಿದ್ರು?”

“ಪೊಲೀಸ ಮಾತಾಡಸ್ತಿದ್ದ.”

“ಏನಂತ?”

“ಯಾರ ಮನಿಗೆ ಹೊಂಟೀಯಪ್ಪಾ, ಅಂತ.”

“ಅದನ್ನ ನಾನೂ ಕೇಳತೀನಿ,” ಎಂದರು ಅವ್ವ. “ಆದ್ರ ಕೇಳಿದ ಮ್ಯಾಲೆ ನೀರು ಕೊಡತೀನಿ.”

ಬಂಡಿ ತಿರುಗಿತು. ಅಮೆರಿಕದವರು ಹುಲ್ಲಿನ ಮೇಲೆ ನಿಂತೇ ಇದ್ದರು. ಒಳಗೆ ನೀರು ಕುದಿಯುವ ಸದ್ದು ಕೇಳುತ್ತಿತ್ತು.

ಮುಂದಿನ ವಾರ ಗಿರಣಿಯ ಬಂಡಿ ಮತ್ತೆ ಆ ಕಡೆ ಹೋಯಿತು. ಗಿರಣಿಯ ಅಂಗಳದಲ್ಲಿ ಯಾವ ಕಾಲದಿಂದಲೋ ಬಿದ್ದಿದ್ದ ಒಂದು ಕಲ್ಲುಚಪ್ಪಡಿ ಅದರಲ್ಲಿತ್ತು. ನಾಲ್ಕೈದು ಜನ ಕೂರುವಷ್ಟು ಉದ್ದ, ಹೊಳೆಗಲ್ಲಿನಷ್ಟು ನುಣುಪು. ಹಮಾಲರು ಅದನ್ನು ಹುಲ್ಲುಹಾಸಿನ ಮೇಲೆ, ರಸ್ತೆಯ ಕಡೆ ಮುಖ ಮಾಡಿ, ಎರಡು ಗುಂಡುಕಲ್ಲುಗಳ ಮೇಲೆ ಇಳಿಸಿ ಹೋದರು. ಅಮೆರಿಕದವರು ಕಿಟಕಿಯಿಂದ ನೋಡುತ್ತಿದ್ದರಂತೆ, ಬೇಡವೆನ್ನಲಿಲ್ಲವಂತೆ.

ನಿಯಮಭಂಗವಾಯಿತು! ತುರ್ತು ಸಭೆ ಕರೆದೆವು. ಕಟ್ಟೆ ನಿಷೇಧಿಸಿದ ಸಮಿತಿ ಎಂದಿನಂತೆ ಸಾಹುಕಾರರ ಕಟ್ಟೆಯ ಮೇಲೆ ಸೇರಿತು. ಅವ್ವ ತಮ್ಮ ಜಾಗದಲ್ಲಿ ಹೂಬತ್ತಿ ಹೊಸೆಯುತ್ತಿದ್ದರು.

“ಕಲ್ಲು ನೀವು ಹಾಕಿಸಿದ್ರೇನು?” ಎಂದು ಸಾಹುಕಾರರು ಗಂಭೀರವಾಗಿ ಕೇಳಿದರು.

“ನಾ ಹಾಕ್ಸಿಲ್ರಿ,” ಎಂದರು ಅಮೆರಿಕದವರು. ಅದು ಸತ್ಯ.

“ಹಂಗಾರ ಯಾರು ಹಾಕಿದ್ರು?”

ಅವ್ವ ಬತ್ತಿಯಿಂದ ಕಣ್ಣೆತ್ತದೆ ನುಡಿದರು. “ಈ ಹಂಪಿ ಸೀಮ್ಯಾಗ ಗುಡ್ಡ ಗುಡ್ಡಕ್ಕ ಕಲ್ಲು ಬಿದ್ದಾವಲ್ಲ, ಯಾರು ಹಾಕ್ಯಾರ? ಕಮಿಟಿ ಮಾಡಿ ಕೇಳೀರೇನು?”

ಸಮಿತಿ ಚಿಂತಿಸಿತು. ಕಟ್ಟೆ ಕಟ್ಟಬಾರದೆಂದು ನಿಯಮವಿದೆ, ಕಲ್ಲು ಬಿದ್ದಿರಬಾರದೆಂದು ಇಲ್ಲ. ಅಂಥ ನಿಯಮ ಮಾಡಿದರೆ ಮೊದಲು ತಾಲೂಕನ್ನೇ ತೆರವು ಮಾಡಿಸಬೇಕಾಗುತ್ತದೆ. ‘ಸದರಿ ಕಲ್ಲು ಸದರಿ ನಿಯಮಕ್ಕಿಂತ ಹಳೆಯದಾದ್ದರಿಂದ ಅದನ್ನು ಅದರ ಪಾಡಿಗೆ ಬಿಡತಕ್ಕದ್ದು’ ಎಂದು ನಾನು ಬರೆದೆ. ಸರ್ವಾನುಮತದಿಂದ ಒಪ್ಪಿಗೆಯಾಯಿತು. ನನ್ನ ವಕೀಲಿಯಲ್ಲಿ ನಾನು ಬರೆದ ಅತ್ಯುತ್ತಮ ವಾಕ್ಯ ಅದೇ ಎಂದು ಈಗಲೂ ನನ್ನ ನಂಬಿಕೆ.

ಆ ಸಂಜೆಯೇ ಬುಕ್ಕಸಾಗರದ ಕಡೆಯ ಭತ್ತದ ರೈತರಿಬ್ಬರು ಗೇಟು ದಾಟಿ ಹೋಗುವಾಗ ಕಲ್ಲು ಕಂಡು, ಕೇಳದೆ ಕೂತರು. ಅಮೆರಿಕದವರು ನೀರು ತಂದರು, ಆಮೇಲೆ ಚಹಾ ತಂದರು. “ಸಕ್ಕರಿ ಒಂದೋ, ಎರಡೋ?” ಎಂದು ಅವರು ಎರಡೆರಡು ಸಲ ಕೇಳಿದರೆಂದು ರೈತರೇ ಆಮೇಲೆ ಹೇಳಿದರು. ರೈತರು ಐದೈದು ತುಂಡು ಹಾಕಿಸಿಕೊಂಡು ಮೇನ್ ಲೈನಿನ ಪೂರ್ತಿ ಕಥೆ ಕೇಳಿದರು. ತಿಂಗಳೊಳಗೆ ಕಲ್ಲಿನ ಮೇಲೆ ಜಾಗ ಸಿಗದಂತಾಯಿತು. ಅವ್ವನೂ ಬಂದು ಕೂತು, ಬೀದಿಯ ಎರಡೂ ತುದಿ ಕಾಣುತ್ತವೆಯೇ ಎಂದು ಪರೀಕ್ಷಿಸಿ, ಮಗನಿಗೆ ಅಡಿಪಾಯ ತೋಡಲು ಅಪ್ಪಣೆ ಕೊಟ್ಟರು. ಈಗ ಬಡಾವಣೆಯ ಒಂದೊಂದು ಮನೆಯ ಮುಂದೂ ಒಂದೊಂದು ಕಲ್ಲು ತಾನಾಗಿಯೇ ಬಿದ್ದಿದೆ.

ಅಮೆರಿಕದವರು ತಮ್ಮ ಪಟ್ಟಿಯನ್ನು ಪರಿಷ್ಕರಿಸಿದರು. “ಕೇಕಿನಾಗ ಗ್ರೋಸ್ ಪಾಯಿಂಟು ಮ್ಯಾಲೆ. ಠೀವಿಯಾಗ ಬ್ರೂಕ್‌ಲೈನು. ಆದ್ರ ಒಟ್ಟಾರೆ ನಮ್ಮದು ಬ್ರೂಕ್‌ಲೈನಿಗಿಂತ ಒಂದು ಕಲ್ಲು ಹೆಚ್ಚು,” ಎಂಬುದು ಅವರ ಕೊನೆಯ ತೀರ್ಮಾನ. ಅದನ್ನು ಮತ್ತೆ ಬದಲಾಯಿಸಲಿಲ್ಲ.

ಹೋದ ಪುಷ್ಯದಲ್ಲಿ ಒಂದು ಸಂಜೆ ನಾನು ಬಳ್ಳಾರಿಗೆ ಹೊರಟವನು ರೈಲಿಗೆ ಇನ್ನೂ ಹೊತ್ತಿದೆಯೆಂದು ಅವರ ಕಲ್ಲಿನ ಮೇಲೆ ಕೂತೆ. ಅವರು ಶಾಲು ಹೊದ್ದಿದ್ದರು, ಉಬ್ಬಸವಿತ್ತು. ಪಸಡೀನಾದ ಬಿಸಿಲಿನ ಕಥೆಯನ್ನು ಹೊಸದೆಂಬಂತೆ ಹೇಳಿದರು, ನಾನೂ ಹೊಸದೆಂಬಂತೆ ನಕ್ಕೆ. ರೈಲು ಗೇಟು ಬೀಳುವ ಸದ್ದಾಯಿತು. ಗಡಿಯಾರ ತೆಗೆದು ನೋಡಿ, “ನನ್ನ ರೈಲಿನ ಹೊತ್ತಾಯಿತು,” ಎಂದು ಎದ್ದೆ.

ಅವರು ನನ್ನ ಗಡಿಯಾರವನ್ನು ನೋಡಿದರು, ನನ್ನನ್ನು ನೋಡಿದರು. ಮುಖವೆಲ್ಲ ಅರಳಿತು. ಎಷ್ಟೋ ವರ್ಷಗಳಿಂದ ಕಾದಿದ್ದ ಅವಕಾಶವೊಂದು ಕೊನೆಗೂ ಕೈಗೆ ಸಿಕ್ಕವರ ಹಾಗೆ ನನ್ನ ತೋಳು ಹಿಡಿದರು.

“ಮುಂದಿನ ರೈಲಿಗೆ ಹೋಗ್ರಿ,” ಎಂದರು. “ಕುಂದ್ರಿ.”

ಮುಂದಿನ ರೈಲು ಮರುದಿನ ಬೆಳಿಗ್ಗೆ ಇತ್ತು. ನಾನು ಕೂತೆ.